ಇಟಲಿಯ ಪಟವೂ ನಮ್ಮ ತಾತನೂ

ಅನಕಾಪಲ್ಲಿಯ ಬೆಲ್ಲ ಕರಗುವ ವಾಸನೆ ಮೂಗಿಗೆ ಬಡಿದರೆ ಸಾಕು, ವಿಶಾಖಪಟ್ಟಣದ ನಮ್ಮ ಕ್ವಾರ್ಟರ್ಸಿನ ಶುಕ್ರವಾರದ ಪೂಜೆ ಕಣ್ಣಮುಂದೆ ಬಂದುಬಿಡುತ್ತದೆ. ಅಪ್ಪ ಧಾರವಾಡದವರು, ಕಾರ್ಖಾನೆಯಲ್ಲಿ ಎಂಜಿನಿಯರ್. ಅಮ್ಮ ವಿಶಾಖಪಟ್ಟಣದ್ದೇ ಕಡಲತಡಿಯ ಬೆಸ್ತರ ಮಗಳು, ತೆಲುಗಿನವಳು. ಕಾರ್ಖಾನೆಗೆ ಬಂದಿದ್ದ ಇಟಲಿಯ ತಜ್ಞರೊಬ್ಬರು ಅಪ್ಪನಿಗೊಂದು ಪಟ ಕೊಟ್ಟಿದ್ದರು, ಅವರ ಅಜ್ಜನ ಕಾಲದ ಪತ್ರಿಕೆಯ ಮುಖಪುಟವಂತೆ. ಕಿರೀಟ ತೊಟ್ಟ ಹೆಣ್ಣು, ಕೈಯಲ್ಲಿ ದೀಪ, ಹಿಂದೆ ಸಮುದ್ರ, ಕಾಲಬುಡದಲ್ಲಿ ಮೊಣಕಾಲೂರಿದ ಬರಿಮೈಯ ಬೆಸ್ತರು. ಅಪ್ಪ ಅದಕ್ಕೆ ಕಟ್ಟು ಹಾಕಿಸಿ ನಡುಮನೆಯಲ್ಲಿ ತೂಗುಹಾಕಿದರು. ಯಾವುದೋ ದೇವಿ ಇರಬೇಕೆಂದು ಅಮ್ಮ ಕುಂಕುಮ ಇಟ್ಟು ಬೆಲ್ಲದ ನೈವೇದ್ಯ ಮಾಡಿದಳು. ಅಯ್ಯೋ, ಒಂದು ವರ್ಷ ನಾವೆಲ್ಲ ಇಟಲಿಗೆ ಕೈಮುಗಿದೆವು!

ಒಂದು ಭಾನುವಾರ ಆ ತಜ್ಞರು ಊಟಕ್ಕೆ ಬಂದವರು ಕುಂಕುಮ ನೋಡಿ ಕೆಂಪಗಾದರು. ಅವರು ಇಂಗ್ಲಿಷಿನಲ್ಲಿ ಹೇಳಿದ್ದನ್ನು ಅಪ್ಪ ಬಿಡಿಸಿ ಹೇಳಿದರು: ಇವಳು ದೇವಿಯಲ್ಲ, ಅವರ ದೇಶ. ಕೆಳಗಿರುವವರು ಸಮುದ್ರದ ಆಚೆ ದಡದ ಜನ. ಇಟಲಿಯವರು ಆ ಜನರ ನೆಲ ಹಿಡಿಯಲು ಹೊರಟಾಗ ಪತ್ರಿಕೆ, ಪಠ್ಯಪುಸ್ತಕ ಎಲ್ಲದರಲ್ಲೂ ಅವರನ್ನು ಒಂದೋ ಕಳ್ಳರಂತೆ, ಇಲ್ಲವೇ ಬುದ್ಧಿ ಬಲಿಯದ ಮಕ್ಕಳಂತೆ ಚಿತ್ರಿಸುತ್ತಿದ್ದರಂತೆ. ಅಮ್ಮ ಪಟವನ್ನೇ ನೋಡುತ್ತಾ, "ದೋಣಿ ನಡೆಸೋರು ಹೀಗೆ ಮೊಣಕಾಲೂರಿ ಕೂರ್ತಾರಾ?" ಎಂದಳು.

ತಜ್ಞರು ಹೋದ ಮೇಲೆ ಅಮ್ಮ ಪಟ ತೆಗೆಯಿರಿ ಎಂದಳು. "ಇರ್ಲಿ ಬಿಡ, ಪ್ರೀತಿಲೆ ಕೊಟ್ಟದ್ದು," ಎಂದರು ಅಪ್ಪ. "ಏಮಂಡೀ, ನಮ್ಮ ನಾನ್ನ ಬಂದಾಗೆಲ್ಲ ಬಾಗಿಲ ಹತ್ರಾನೇ ಕೂರ್ತಾನೆ. ಯಾಕೆ ಅಂತ ಒಂದಿನಾನಾದ್ರೂ ಕೇಳಿದ್ರಾ?" ಎಂದಳು ಅಮ್ಮ, ತನ್ನ ಅಪ್ಪನ ಮಾತೆತ್ತಿ. ಮೀನಿನ ವಾಸನೆ ಅಳಿಯನ ಮನೆಗೆ ಹತ್ತಬಾರದೆಂದು ತಾತ ಹೊಸ್ತಿಲು ದಾಟುತ್ತಿರಲಿಲ್ಲ. ಅದು ನಮಗೆಲ್ಲ ಗೊತ್ತಿತ್ತು, ಯಾರೂ ಒಳಗೆ ಕರೆದಿರಲಿಲ್ಲ. ಅಪ್ಪನೇ ಸ್ಟೂಲು ಹತ್ತಿ ಪಟ ಇಳಿಸಿದರು.

ಮರುವಾರ ಅಮ್ಮ, ಆ ಮೊಳೆಗೆ ಹಾಕುವ ಫೋಟೋಗೆಂದು ತಾತನನ್ನು ಸ್ಟುಡಿಯೋಗೆ ಕರೆದೊಯ್ದಳು, ನಾನೂ ಹೋಗಿದ್ದೆ. ಕ್ಯಾಮೆರಾ ಕಂಡದ್ದೇ ತಾತ ತಲೆ ತಗ್ಗಿಸಿಬಿಟ್ಟರು. ಅಮ್ಮ ಗದ್ದ ಹಿಡಿದು ಎತ್ತಿ, "ನೇರ ನೋಡು ನಾನ್ನಾ, ಸಮುದ್ರಕ್ಕೇ ಬಗ್ಗಿದವನಲ್ಲ ನೀನು," ಎಂದಳು. ಮನೆಗೆ ಬಂದಾಗ ಅಪ್ಪ ಬಾಗಿಲಲ್ಲೇ ಕಾಯುತ್ತಿದ್ದರು. "ಒಳಗ ಬರ್ರಿ ಮಾವ," ಎಂದು ಕೈ ಹಿಡಿದು ಕರೆತಂದು ತಮ್ಮ ಪಕ್ಕದಲ್ಲೇ ಎಲೆ ಹಾಕಿಸಿದರು.

ಆ ಮೂವರೂ ಈಗ ಇಲ್ಲ. ಕ್ವಾರ್ಟರ್ಸಿನಲ್ಲಿ ಬೇರೆ ಯಾರೋ ಇದ್ದಾರೆ. ತಾತನ ಫೋಟೋ ಮಾತ್ರ ವಿಜಯವಾಡದ ಒನ್ ಟೌನ್ ಪೇಟೆಯಲ್ಲಿ, ನಾನು ಸೊಸೆಯಾಗಿ ಬಂದ ಮನೆಯಲ್ಲಿದೆ. ಬಂದವರು ಆ ನೇರ ನೋಟ ಕಂಡು, ಇವರು ಜಮೀನ್ದಾರರಾ ಎಂದು ಕೇಳುತ್ತಾರೆ. "ಅಲ್ಲ, ಮೀನು ಹಿಡಿಯುತ್ತಿದ್ದರು. ನಮ್ಮ ತಾತ," ಎಂದು ಪಕ್ಕದ ಮನೆಗೂ ಕೇಳುವ ಹಾಗೆ ಹೇಳುತ್ತೇನೆ.