ಕನ್ನಡ ಹೇಗೂ ಬರುತ್ತೆ, ವದಿನ

ಹೋದ ಸೋಮವಾರ ಬೆಳಿಗ್ಗೆ ಪಾವಗಡದ ಬಸ್ ಸ್ಟ್ಯಾಂಡಿನಲ್ಲಿ ಹುರಿದ ಕಡಲೆಕಾಯಿ ಕೊಂಡೆ. ಪೊಟ್ಟಣ ಕಟ್ಟಿದ್ದ ಹಾಳೆ ಯಾವುದೋ ಮಗುವಿನ ಕಾಪಿ ಪುಸ್ತಕದ್ದು. ನಾಲ್ಕು ಗೆರೆಗಳ ನಡುವೆ ಒಂದೇ ಇಂಗ್ಲಿಷ್ ವಾಕ್ಯವನ್ನು ಎಂಟು ಸಲ ಬರೆಸಿದ್ದರು. ಕೆಳಗೆ ಹೋದಂತೆಲ್ಲ ಅಕ್ಷರಗಳು ದಣಿದು ವಾಲಿದ್ದವು. ಕಾಯಿಯ ಬಿಸಿಗೆ ಹಾಳೆ ಬೆಚ್ಚಗಾಗಿ, ಸುಟ್ಟ ಸಿಪ್ಪೆಯ ವಾಸನೆಯೂ ಹಳೇ ಕಾಗದದ ವಾಸನೆಯೂ ಒಟ್ಟಿಗೆ ಮೂಗಿಗೆ ಬಂತು... ಮಧುಗಿರಿ ಬಸ್ಸು ಹೊರಟಿತು. ನಾನು ಹತ್ತಲಿಲ್ಲ.

ವಾಸನೆಯಿಂದ ನೆನಪು ಬರುತ್ತದೆ ಎನ್ನುವವರನ್ನು ನಾನು ಕಿಚಾಯಿಸುತ್ತಿದ್ದವಳು. ಅದೆಲ್ಲ ಕಥೆ ಬರೆಯುವವರ ಸೋಮಾರಿತನ, ಸಾಕ್ಷಿ ಎಲ್ಲಿದೆ ತೋರಿಸಿ ಎನ್ನುತ್ತಿದ್ದೆ. ಅವತ್ತು ಸಾಕ್ಷಿ ನನ್ನ ಕೈಯಲ್ಲೇ ಇತ್ತು. ಪಕ್ಕದ ಮನೆಯ ವದಿನ ಕಣ್ಣ ಮುಂದೆ ಕೂತಿದ್ದಳು, ಮೊರ ಮುಂದಿಟ್ಟುಕೊಂಡು.

ವದಿನ ಎಂದರೆ ತೆಲುಗಿನಲ್ಲಿ ಅತ್ತಿಗೆ. ನಮ್ಮದು ಪಾವಗಡ ತಾಲ್ಲೂಕಿನ ಗಡಿ ಊರು. ಕೆರೆ ಏರಿ ಇಳಿದು ನಾಲ್ಕು ಹೊಲ ದಾಟಿದರೆ ಆಂಧ್ರ. ನಮ್ಮ ಮನೆಯಲ್ಲಿ ಕನ್ನಡ, ಪಕ್ಕದ ಮನೆಯಲ್ಲಿ ತೆಲುಗು, ನಡುವಿನ ಗೋಡೆ ಒಂದೇ. ಹೆಣ್ಣು ಕೊಡುವುದು ತರುವುದು ಆ ಕಡೆಗೂ ಈ ಕಡೆಗೂ ನಡೆದೇ ಇತ್ತು. ಹಾಗೆ ಆ ಕಡೆಯಿಂದ ಸೊಸೆಯಾಗಿ ಬಂದವಳು ಅವಳು. ನಾನಾಗ ಮೊದಲನೇ ಪಿಯುಸಿ. ಅವಳು ಎಸ್ಸೆಸ್ಸೆಲ್ಸಿ ಪಾಸಾಗಿದ್ದಳು, ತೆಲುಗು ಮೀಡಿಯಂನಲ್ಲಿ. ಬಂದ ವಾರಕ್ಕೇ ನಮ್ಮ ಬಸ್ಸಿನ ಬೋರ್ಡುಗಳನ್ನು ಓದತೊಡಗಿದಳು. ನಾನು ಹುಬ್ಬೇರಿಸಿದರೆ, "ಏಮಿ ಅಂಗ್ ನೋಡ್ತೀಯಾ? ನಿಮ್ಮಕ್ಸರಕ್ಕೂ ನಮ್ಮಕ್ಸರಕ್ಕೂ ಜುಟ್ಟು ಬ್ಯಾರೆ, ಹೊಟ್ಟೆ ಒಂದೇ ಕದಾ" ಎಂದು ನಕ್ಕಳು.

ನಮ್ಮ ಬೀದಿಯ ಕೊನೆಯಲ್ಲಿ ಅಂಗನವಾಡಿ. ವದಿನ ಮನೆಕೆಲಸ ಮುಗಿಸಿ ದಿನವೂ ಅಲ್ಲಿಗೆ ಹೋಗುತ್ತಿದ್ದಳು. ಯಾರೂ ಕರೆದದ್ದಲ್ಲ, ಸುಮ್ಮನೆ. ಅಳುವ ಮಗುವನ್ನು ಎತ್ತಿಕೊಂಡು ಅರ್ಧ ತೆಲುಗು, ಅರ್ಧ ಕನ್ನಡದಲ್ಲಿ ಏನೋ ಒಂದು ಕಥೆ ಶುರು ಮಾಡಿದಳೆಂದರೆ ಉಳಿದ ಮಕ್ಕಳೂ ತಟ್ಟೆ ಬಿಟ್ಟು ಬಂದು ಸುತ್ತ ಕೂರುತ್ತಿದ್ದವು. ಅಲ್ಲಿನ ಟೀಚರಮ್ಮನಿಗೆ ನಿವೃತ್ತಿಗೆ ಇನ್ನೆರಡು ವರ್ಷ ಇತ್ತು. "ನಾನು ಹೋದ್ಮೇಲೆ ಈ ಜಾಗ ನಿಂದೇ ಆಗ್ಲಿ ಕಣಮ್ಮ" ಎಂದು ಆಕೆಯೇ ಒಂದು ದಿನ ಹೇಳಿದರಂತೆ. ಆದರೆ ಆ ಕೆಲಸಕ್ಕೆ ಹತ್ತನೇ ತರಗತಿಯಲ್ಲಿ ಕನ್ನಡ ಓದಿರಬೇಕು; ಓದಿರದವರು ಕನ್ನಡ ಪರೀಕ್ಷೆಯೊಂದನ್ನು ಬೇರೆಯಾಗಿ ಕಟ್ಟಿ ಪಾಸಾಗಿರಬೇಕು. ಆ ಪರೀಕ್ಷೆಗೆ ಅರ್ಜಿ ಕರೆಯುತ್ತಿದ್ದುದು ವರ್ಷಕ್ಕೊಮ್ಮೆ.

ಅವಳ ಗಂಡ ಗಾರೆ ಕೆಲಸದವನು, ಮಾತು ಕಡಿಮೆ. ಪೋಸ್ಟ್ ಸಿಕ್ಕರೆ ಇಲ್ಲೇ ಇರೋಣ, ಇಲ್ಲದಿದ್ದರೆ ಹಿಂದೂಪುರದ ಕಡೆ ಗಾರ್ಮೆಂಟ್ಸಿಗೆ ಹೋಗೋಣ ಎಂದು ಅವನು ಮೊದಲೇ ಹೇಳಿಬಿಟ್ಟಿದ್ದ. ಅವನ ಭಾವ ಅಲ್ಲಿದ್ದ. ವದಿನಗೆ ಗಾರ್ಮೆಂಟ್ಸಿನ ಹೆಸರು ಕೇಳಿದರೇ ಆಗುತ್ತಿರಲಿಲ್ಲ. "ಆ ಮಿಸನ್ ಸದ್ದಿನಾಗೆ ದಿನಾ ಕುಂತ್ರೆ ನಾನು ಮೂಗಿ ಆಗ್ಬುಡ್ತೀನಿ" ಎನ್ನುತ್ತಿದ್ದಳು. ಮಾತೇ ಅವಳ ಉಸಿರು. ಅದು ಉತ್ಪ್ರೇಕ್ಷೆಯಲ್ಲ, ನಾನು ಅಷ್ಟು ಸುಲಭಕ್ಕೆ ಉತ್ಪ್ರೇಕ್ಷೆ ಮಾಡುವವಳೂ ಅಲ್ಲ.

ಎರಡು ವರ್ಷ ಕೈಯಲ್ಲಿದೆ, ಏನು ಕಲಿಯಲಿ ಎಂದು ಅವಳು ನನ್ನನ್ನು ಕೇಳಿದಳು.

ನಾನು ಯಾರು ಎಂದು ಇಲ್ಲಿ ಹೇಳಬೇಕು. ಜಿಲ್ಲೆಯ ಚರ್ಚಾ ಸ್ಪರ್ಧೆಗಳಲ್ಲಿ ಗೆದ್ದು ಕಪ್ಪು ತರುತ್ತಿದ್ದವಳು. ಪರವೋ ವಿರೋಧವೋ, ಚೀಟಿಯಲ್ಲಿ ಯಾವುದು ಬಂದರೂ ಎರಡು ನಿಮಿಷ ಯೋಚಿಸಿ ಐದು ನಿಮಿಷ ಮಾತಾಡುತ್ತಿದ್ದೆ. ನಮ್ಮಪ್ಪನೇ ನನ್ನ ಜೊತೆ ವಾದಕ್ಕಿಳಿಯುತ್ತಿರಲಿಲ್ಲ. ವದಿನ ನನ್ನನ್ನು ಲಾಯರಮ್ಮ ಎಂದೇ ಕರೆಯುತ್ತಿದ್ದಳು. ಹಾಗಾಗಿ ಪಕ್ಕದ ಮನೆಯ ಜಗಲಿಯ ಮೇಲೆ ಅವಳು, ಅವಳ ಅತ್ತೆ, ಅವಳ ಗಂಡ ಕೂತಿದ್ದಾಗ, ಕೇಳಿದ್ದು ಅವಳೊಬ್ಬಳೇ ಆದರೂ ನಾನು ಉತ್ತರಿಸಿದ್ದು ಸಭೆಗೆ.

ಇಂಗ್ಲಿಷ್ ಕಲಿ, ಎಂದೆ. ಕನ್ನಡ ಮಾತು ನಿನಗೆ ಆಗಲೇ ಬರುತ್ತದೆ, ಲಿಪಿ ಅರ್ಧ ಬಂದಿದೆ. ಮನಸ್ಸು ಮಾಡಿದರೆ ಎರಡು ತಿಂಗಳ ಕೆಲಸ. ಇಂಗ್ಲಿಷಿಗೆ ಎರಡು ವರ್ಷವೂ ಸಾಲದು. ಕಷ್ಟದ್ದನ್ನು ಮೊದಲು ಹಿಡಿಯಬೇಕೋ, ಸುಲಭದ್ದನ್ನೋ? ಮೇಲಾಗಿ ನೀನು ಟೀಚರ್ ಆಗುವ ಹೊತ್ತಿಗೆ ಅಂಗನವಾಡಿಯಲ್ಲೂ ಎಬಿಸಿಡಿ ಕೇಳುತ್ತಾರೆ. ಅಕಸ್ಮಾತ್ ಪೋಸ್ಟ್ ಸಿಗದಿದ್ದರೂ ಇಂಗ್ಲಿಷ್ ಇದ್ದರೆ ಯಾವ ಕಾನ್ವೆಂಟಾದರೂ ಕರೆಯುತ್ತದೆ. ಈ ವರ್ಷ ಪರೀಕ್ಷೆ ಬೇಡ, ಮುಂದಿನ ವರ್ಷ ಕಟ್ಟಿದರಾಯಿತು. ಕನ್ನಡ ಹೇಗೂ ಬರುತ್ತೆ, ವದಿನ.

ಅವಳ ಅತ್ತೆ ಎಲೆ ಅಡಿಕೆ ಹಾಕುತ್ತಾ ಕೇಳಿಸಿಕೊಂಡರು. "ಆ ಕೆಲ್ಸಕ್ಕೆ ಕೇಳ್ತಾ ಇರೋದು ಕನ್ನಡ ತಾನೇ ಅವ್ವ? ಕೇಳಿದ್ದನ್ನ ಮೊದ್ಲು ಕೊಟ್ಬುಟ್ರೆ ಆಗಾಕಿಲ್ವಾ?" ಎಂದರು.

ನಾನು ಅದಕ್ಕೂ ಉತ್ತರ ಕೊಟ್ಟೆ. ಯಾವ ಉತ್ತರ ಎಂದು ಈಗ ನೆನಪಿಲ್ಲ... ಅವರು ಎಲೆ ಅಡಿಕೆ ಚೀಲ ಕಟ್ಟಿದ್ದು ಮಾತ್ರ ನೆನಪಿದೆ. "ನಿನ್ ಬಾಯಿಗೆ ನಾನ್ ಎಲ್ಲಿ ಸಾಟಿ, ಬುಡವ್ವ" ಎಂದು ಎದ್ದು ಒಳಗೆ ಹೋದರು. ಗೆದ್ದೆ ಅಂದುಕೊಂಡೆ.

ನಾನು ಹೇಳದೆ ಉಳಿಸಿಕೊಂಡ ಕಾರಣ ಇನ್ನೊಂದಿತ್ತು. ಹಿಂದಿನ ತಿಂಗಳು ತುಮಕೂರಿನಲ್ಲಿ ಮೊದಲ ಬಾರಿ ಇಂಗ್ಲಿಷ್ ಚರ್ಚೆಗೆ ನಿಂತು, ಎರಡನೇ ವಾಕ್ಯಕ್ಕೇ ತಡವರಿಸಿ ಕೆಳಗಿಳಿದಿದ್ದೆ. ಹಿಂದಿನ ಸಾಲಿನಲ್ಲಿ ಯಾರೋ ನಕ್ಕಿದ್ದರು. ನನಗೆ ಇಂಗ್ಲಿಷಿನಲ್ಲಿ ಸಲೀಸಾಗಿ ಮಾತಾಡುವುದು ಬೇಕಿತ್ತು, ಅದಕ್ಕೆ ಎದುರಿಗೆ ಒಬ್ಬರು ಬೇಕಿತ್ತು. ನಮ್ಮೂರಿನಲ್ಲಿ ಅಷ್ಟು ಮಾತಾಡುವ ಆಸೆ ಇದ್ದವಳು ಅವಳೊಬ್ಬಳೇ.

ಶುರುವಾಯಿತು. ನಾನು ಕಾಲೇಜಿನಿಂದ ಬರುವ ಹೊತ್ತಿಗೆ ಅವಳು ಜಗಲಿಯ ಮೇಲೆ ಬಿತ್ತನೆಗೆಂದು ಕಡಲೆಕಾಯಿ ಸುಲಿಯುತ್ತಾ ಕೂತಿರುತ್ತಿದ್ದಳು. ಒಂದು ಕಾಯಿ ಒಡೆದರೆ ಒಂದು ಇಂಗ್ಲಿಷ್ ಪದ ಹೇಳಬೇಕು, ಎರಡು ಬೀಜ ಇದ್ದರೆ ವಾಕ್ಯ ಹೇಳಬೇಕು. ಮೂರು ಬೀಜದ ಕಾಯಿ ಬಂದರೆ ಪ್ರಶ್ನೆ ಕೇಳಬೇಕು. ಆ ನಿಯಮ ಮಾಡಿದ್ದು ಅವಳೇ. ಮೂರು ಬೀಜದ್ದು ಸಿಕ್ಕಾಗಲೆಲ್ಲ, ವೈ ಆರ್ ಯು ಆಲ್ವೇಸ್ ಫೈಟಿಂಗ್, ಲಾಯರಮ್ಮ, ಎಂದು ಅದೊಂದನ್ನೇ ಕೇಳುತ್ತಿದ್ದಳು. ಆರು ತಿಂಗಳಿಗೆ ಎಮ್ಮೆಯನ್ನೂ ಇಂಗ್ಲಿಷಿನಲ್ಲೇ ಬೈಯತೊಡಗಿದಳು. "ಇನ್ನು ಇದು ಹಾಲು ಕೊಡಾಕೂ ಪ್ಲೀಸ್ ಅನ್ನಿಸ್ಕಂತದೆ" ಎಂದು ಅತ್ತೆ ರೇಗುತ್ತಿದ್ದರು, ರೇಗುತ್ತಲೇ ನಗುತ್ತಿದ್ದರು.

ಅವಳ ಇಂಗ್ಲಿಷ್ ನನ್ನದಕ್ಕಿಂತ ಬೇಗ ಬಂತು. ನಾನು ವಾಕ್ಯವನ್ನು ತಲೆಯಲ್ಲಿ ಕಟ್ಟಿ, ಸರಿಯೇ ಎಂದು ನೋಡಿ, ಆಮೇಲೆ ಬಾಯಿ ಬಿಡುತ್ತಿದ್ದೆ. ಅವಳು ಬಾಯಿ ಬಿಟ್ಟ ಮೇಲೆ ವಾಕ್ಯ ಹುಡುಕುತ್ತಿದ್ದಳು. ತಪ್ಪಾದರೆ ನಾಚಿಕೆ ಇಲ್ಲ, ಸಿಕ್ಕ ಪದ ಹಾಕಿ ಮುಂದೆ ಹೋಗುತ್ತಿದ್ದಳು. ಅವಳನ್ನು ನೋಡಿ ನಾನು ಕಲಿತೆ. ಎರಡನೇ ಪಿಯುಸಿಯಲ್ಲಿ ತುಮಕೂರಿನ ಅದೇ ವೇದಿಕೆಯಲ್ಲಿ ಇಂಗ್ಲಿಷಿನಲ್ಲಿ ಬಹುಮಾನ ಬಂತು. ಕಪ್ಪು ತಂದು ಅವಳ ಕೈಗೆ ಕೊಟ್ಟಾಗ ಅದರೊಳಗೆ ಸುಲಿದ ಕಡಲೆಬೀಜ ತುಂಬಿ ವಾಪಸು ಕೊಟ್ಟಳು.

ಆಮೇಲೆ... ಹದಿನಾಲ್ಕನೇ ತಿಂಗಳು ಇರಬೇಕು. ಅಂಗನವಾಡಿ ಟೀಚರಮ್ಮನಿಗೆ ಮಂಡಿ ನೋವು ಜಾಸ್ತಿಯಾಗಿ ಕೂತರೆ ಏಳಲು, ಎದ್ದರೆ ಕೂರಲು ಆಗದಂತಾಯಿತು. ಅವಧಿಗೆ ಮುಂಚೆಯೇ ಕೆಲಸ ಬಿಟ್ಟು ಶಿರಾದ ಮಗಳ ಮನೆಗೆ ಹೊರಟರು. ಅದಾದ ಸ್ವಲ್ಪ ದಿನಕ್ಕೇ ಪಂಚಾಯ್ತಿ ಆಫೀಸಿನ ಬಾಗಿಲಿಗೆ ನೋಟೀಸು ಅಂಟಿಸಿದರು. ಅರ್ಜಿ ಹಾಕಲು ಇಪ್ಪತ್ತು ದಿನ ಕಾಲಾವಕಾಶ. ಕನ್ನಡ ಪಾಸಾದ ಪ್ರಮಾಣಪತ್ರ ಲಗತ್ತಿಸಬೇಕು. ಮುಂದಿನ ಕನ್ನಡ ಪರೀಕ್ಷೆ ನಡೆಯುವುದು ಇನ್ನೂ ನಾಲ್ಕು ತಿಂಗಳ ನಂತರ.

ಹೋದ ವರ್ಷವೇ ಕಟ್ಟಿದ್ದರೆ... ಆ ಮಾತನ್ನು ಯಾರೂ ಆಡಲಿಲ್ಲ. ಅತ್ತೆ ಕೂಡ.

ವದಿನ, ನಾನು ಇಬ್ಬರೂ ಪಾವಗಡಕ್ಕೆ ಹೋದೆವು. ಕಚೇರಿಯಲ್ಲಿ ಅರ್ಜಿ ತೆಗೆದುಕೊಳ್ಳುತ್ತಿದ್ದ ಗುಮಾಸ್ತರು ವಯಸ್ಸಾದವರು, ಒಳ್ಳೆಯವರು; ಕುರ್ಚಿ ತೋರಿಸಿ ಕೂರಿಸಿದರು. ನಾನು ಮಾತಾಡಿದೆ. ಬಹುಶಃ ನನ್ನ ಜೀವನದಲ್ಲೇ ಅಷ್ಟು ಚೆನ್ನಾಗಿ ಮಾತಾಡಿಲ್ಲ. ಗಡಿ ಊರಿನಲ್ಲಿ ಎರಡು ಭಾಷೆ ಬಲ್ಲ ಟೀಚರ್ ಬೇಕು, ಈಕೆ ಕನ್ನಡ ಓದುತ್ತಾಳೆ ಈಗಲೇ ಓದಿಸಿ ನೋಡಿ, ಪರೀಕ್ಷೆ ಪಾಸಾದ ಮೇಲೆ ಪತ್ರ ತಂದುಕೊಡುತ್ತೇವೆ ಎಂದು ಬರೆದುಕೊಡುತ್ತೇವೆ, ಮಕ್ಕಳ ಹಿತ ಮುಖ್ಯವೋ ಕಾಗದ ಮುಖ್ಯವೋ. ಅವರು ಕನ್ನಡಕ ತೆಗೆದು ಪೂರ್ತಿ ಕೇಳಿದರು.

"ನೀನ್ ಹೇಳಿದ್ದೆಲ್ಲಾ ಸರಿ ಕಣಮ್ಮ. ಒಂದೂ ತಪ್ಪಿಲ್ಲ. ಸರ್ಟಿಫಿಕೇಟ್ ಕೊಡು" ಎಂದರು.

ಎದುರಾಳಿ ಎಲ್ಲವನ್ನೂ ಒಪ್ಪಿಕೊಂಡುಬಿಟ್ಟರೆ ಏನು ಮಾಡಬೇಕು ಎಂದು ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಆಗ ಪಕ್ಕದಲ್ಲಿ ವದಿನ ಎದ್ದು ನಿಂತಳು. ಸೆರಗು ಸರಿ ಮಾಡಿಕೊಂಡು, ಒಂದು ಕಡೆಯೂ ತಡವರಿಸದೆ, ಇಂಗ್ಲಿಷಿನಲ್ಲಿ ಹೇಳಿದಳು: ಸರ್, ದೀಸ್ ಚಿಲ್ಡ್ರನ್ ನೋ ಮಿ. ಪ್ಲೀಸ್ ಗಿವ್ ಮಿ ಫೋರ್ ಮಂತ್ಸ್. ಓನ್ಲಿ ಫೋರ್ ಮಂತ್ಸ್. ಪಕ್ಕದ ಮೇಜಿನವರು ಬರೆಯುವುದನ್ನು ನಿಲ್ಲಿಸಿ ತಿರುಗಿ ನೋಡಿದರು. ಗುಮಾಸ್ತರು ಅವಳಿಗೆ ತೆಲುಗಿನಲ್ಲೇ ಮೆಲ್ಲಗೆ ಹೇಳಿದರು, "ನಾ ಚೇತಿಲೋ ಲೇದಮ್ಮಾ." ನನ್ನ ಕೈಯಲ್ಲಿಲ್ಲಮ್ಮ ಎಂದು. ನಿಜವಾಗಿಯೂ ಅವರ ಕೈಯಲ್ಲಿರಲಿಲ್ಲ. ಆ ಕೋಣೆಯಲ್ಲಿ ಮೂರು ಭಾಷೆಯನ್ನೂ ಚೆನ್ನಾಗಿಯೇ ಆಡಿದೆವು, ಒಬ್ಬರ ಮಾತು ಒಬ್ಬರಿಗೆ ಪೂರ್ತಿ ತಿಳಿಯಿತು, ಅದರಿಂದ ಏನೂ ಆಗಲಿಲ್ಲ.

ಬಸ್ಸಿನಲ್ಲಿ ನಾನು ಏನೇನೋ ಸಮಜಾಯಿಷಿ ಶುರು ಮಾಡಿದೆ. ಟೀಚರಮ್ಮ ಬೇಗ ಹೋಗುತ್ತಾರೆಂದು ಯಾರಿಗೆ ಗೊತ್ತಿತ್ತು, ನಮ್ಮ ಲೆಕ್ಕ ಸರಿಯಾಗೇ ಇತ್ತು... ವದಿನ ಕಿಟಕಿಯ ಕಡೆ ತಿರುಗಿದ್ದಳು. "ಸಾಕು ಬುಡು ಲಾಯರಮ್ಮ" ಎಂದಳು. "ನೀನು ಗೆದ್ದೆ ಅಂತಲೇ ಇಟ್ಕ. ನಂಗೀಗ ಮಾತು ಬ್ಯಾಡ."

ಅವಳ ಬಾಯಿಂದ ಆ ಮಾತು ಕೇಳಿದ್ದು ಅದೇ ಮೊದಲು.

ಆ ಜಾಗಕ್ಕೆ ಬೇರೆ ಊರಿನ ಹುಡುಗಿಯೊಬ್ಬಳು ಬಂದಳು. ಅವಳದೇನೂ ತಪ್ಪಿಲ್ಲ, ಮಕ್ಕಳನ್ನು ಚೆನ್ನಾಗಿ ನೋಡಿಕೊಂಡಳು ಕೂಡ. ಅದೇ ಬೇಸಿಗೆಯಲ್ಲಿ ಪಕ್ಕದ ಮನೆಯವರು ಮೂವರೂ ಹಿಂದೂಪುರದ ಕಡೆ ಹೊರಟರು. ಟೆಂಪೋಗೆ ಸಾಮಾನು ಹೇರುವಾಗ ನಾನು ಹೋಗಿ ನಿಂತೆ. ಕ್ಷಮಿಸು ಎನ್ನಲು ಮೂರು ಭಾಷೆಯಲ್ಲೂ ಪದ ಗೊತ್ತಿತ್ತು. ಅತ್ತೆಯೇ ನನ್ನ ತಲೆ ಸವರಿ, "ಚೆನ್ನಾಗಿ ಓದವ್ವ" ಎಂದರು. ಅದಕ್ಕಿಂತ ನಾಲ್ಕು ಬೈದಿದ್ದರೆ ಆಗುತ್ತಿತ್ತು.

ನಾನು ತುಮಕೂರಿನಲ್ಲಿ ಲಾ ಓದುವಾಗ ಒಂದು ಭಾನುವಾರ ಅವಳ ಫೋನು ಬಂತು. ಪೂರ್ತಿ ಇಂಗ್ಲಿಷಿನಲ್ಲಿ ಮಾತಾಡಿದಳು. ಗಾರ್ಮೆಂಟ್ಸಿನಲ್ಲಿ ಕಾಲರ್ ಹೊಲಿಯುತ್ತಾಳಂತೆ. ಅಲ್ಲಿ ಎಲ್ಲ ತೆಲುಗು, ಅದೂ ಊಟದ ಹೊತ್ತಿನಲ್ಲಿ ಮಾತ್ರ; ಉಳಿದ ಹೊತ್ತು ಮಿಷನ್ ಸದ್ದು. ಈ ಭಾಷೆ ಆಡಲು ನನಗೆ ನೀನೊಬ್ಬಳೇ ಇರುವುದು, ಅದಕ್ಕೇ ಮಾಡಿದೆ, ಎಂದಳು. ಆಮೇಲೆ ತಿಂಗಳಿಗೊಮ್ಮೆ ಮಾಡುತ್ತಿದ್ದಳು. ನನಗೆ ಪರೀಕ್ಷೆ, ಅಣಕು ನ್ಯಾಯಾಲಯ, ಗೆಳತಿಯರು. ಬೇಗ ಮುಗಿಯಲೆಂದು ಕನ್ನಡದಲ್ಲಿ ಉತ್ತರಿಸುತ್ತಿದ್ದೆ. ಅವಳು ಮಾತ್ರ ಹಟ ಬಿಡದೆ ಇಂಗ್ಲಿಷಿನಲ್ಲೇ ಮುಂದುವರಿಸುತ್ತಿದ್ದಳು. ಬರುಬರುತ್ತಾ ಅವಳ ವಾಕ್ಯಗಳಲ್ಲಿ ತೂತು ಬಿದ್ದವು. ಪದ ಸಿಗದ ಕಡೆ ತೆಲುಗು ಬಂತು, ಆಮೇಲೆ ಬರೀ ಮೌನ. ಕೊನೆಯ ಸಲ ಯಾವುದೋ ಒಂದು ಪದಕ್ಕಾಗಿ ಬಹಳ ಹೊತ್ತು ತಡಕಾಡಿದಳು. ಯಾವ ಪದ ಎಂದು ನಾನು ಕೇಳಬಹುದಿತ್ತು. ಕಾದೆ, ಅಷ್ಟೆ. "ಪೋಯಿಂದಿ ಲಾಯರಮ್ಮ," ಹೊರಟುಹೋಯಿತು, ಎಂದು ನಕ್ಕು ಫೋನ್ ಇಟ್ಟಳು.

ನಾನೀಗ ಮಧುಗಿರಿಯಲ್ಲಿ ಹಿರಿಯ ವಕೀಲರೊಬ್ಬರ ಬಳಿ ಜೂನಿಯರ್. ಅವತ್ತಿನ ಜಗಲಿಯ ವಾದವನ್ನು ಎಷ್ಟೋ ಸಲ ಬಿಚ್ಚಿ ನೋಡಿದ್ದೇನೆ, ಬೇರೆಯವರ ಕೇಸು ಎಂಬಂತೆ. ಒಂದೊಂದು ಅಂಶವೂ ನಿಲ್ಲುತ್ತದೆ. ಎಲ್ಲಿ ಮುರಿಯಿತು ಎಂದು ಬೆರಳಿಟ್ಟು ತೋರಿಸಲು ನನಗೆ ಇವತ್ತಿಗೂ ಆಗಿಲ್ಲ. ಮುರಿದದ್ದು ಮಾತ್ರ ನಿಜ.

ಸೋಮವಾರ ಮುಂದಿನ ಬಸ್ಸಿಗೆ ಕಾಯುತ್ತಾ ಅವಳ ನಂಬರಿಗೆ ಮಾಡಿದೆ. ಎರಡು ವರ್ಷದಿಂದ ಆಗಾಗ ಮಾಡುತ್ತೇನೆ. ಈ ಸಂಖ್ಯೆ ಚಾಲ್ತಿಯಲ್ಲಿಲ್ಲ ಎಂದು ಒಂದು ಹೆಣ್ಣು ದನಿ ಮೊದಲು ತೆಲುಗಿನಲ್ಲಿ ಹೇಳಿತು, ಆಮೇಲೆ ಇಂಗ್ಲಿಷಿನಲ್ಲಿ. ಆ ಕಡೆಯ ನಂಬರು, ಕನ್ನಡದಲ್ಲಿ ಹೇಳುವುದಿಲ್ಲ. ನಾನು ಎರಡನ್ನೂ ಕೊನೆಯವರೆಗೆ ಕೇಳಿದೆ. ಎರಡೂ ನನಗೆ ಚೆನ್ನಾಗಿ ಅರ್ಥವಾಗುತ್ತವೆ.