ಶಾಲೆಯ ಜಗಲಿಯಲ್ಲಿ ರತ್ನಳ ಕಸರತ್ತು

ಆ ಬೆಳಿಗ್ಗೆ ನನ್ನ ಮಗಳು ರತ್ನ ಚಾಪೆಯಿಂದ ಏಳಲಿಲ್ಲ. ಹಿಂದಿನ ದಿನವೆಲ್ಲ ಜ್ವರವಿತ್ತು. ಎತ್ತಿ ನಿಲ್ಲಿಸಿದೆ. ಬಲಗಾಲು ಒದ್ದೆ ಬಟ್ಟೆಯ ಹಾಗೆ ಕುಸಿಯಿತು.

ಪೋಲಿಯೋ.

ಆಸ್ಪತ್ರೆಯಿಂದ ಬಿಡುವಾಗ ಸಿಸ್ಟರ್ ನನ್ನ ಕೈ ಹಿಡಿದು ಎಕ್ಸರ್‌ಸೈಜ್ ಕಲಿಸಿದರು. ಮಂಡಿ ಮಡಚಬೇಕು, ಚಾಚಬೇಕು, ಪಾದವನ್ನು ಮೇಲಕ್ಕೆ ಒತ್ತಿ ಹಿಡಿಯಬೇಕು. ಬೆಳಿಗ್ಗೆ, ಮಧ್ಯಾಹ್ನ, ಸಂಜೆ. ತಪ್ಪಿಸಿದರೆ ಕಾಲು ಬಿಗಿದುಕೊಂಡು ಸೊಟ್ಟಗಾಗುತ್ತದಂತೆ.

ಕಾಲಿಗೆ ಆಸರೆ ಕೊಡುವ ಕ್ಯಾಲಿಪರ್ ಬಂದ ಮೇಲೆ ಅವಳನ್ನು ಸೊಂಟಕ್ಕೇರಿಸಿಕೊಂಡು ಊರಿಗಾಂನ ಅವಳ ಶಾಲೆಗೆ ಹೋದೆ. ಮಧ್ಯಾಹ್ನ ನಾನೇ ಬಂದು ಎಕ್ಸರ್‌ಸೈಜ್ ಮಾಡಿಸುತ್ತೇನೆಂದೆ. ಹೆಡ್‌ಮಾಸ್ಟರು ಕಾಲಿನ ಕಬ್ಬಿಣದ ಪಟ್ಟಿಯನ್ನೇ ನೋಡುತ್ತಿದ್ದರು.

"ಇದು ಸ್ಕೂಲಮ್ಮ, ಆಸ್ಪತ್ರೆ ಅಲ್ಲ. ವಾಸಿಯಾದ ಮೇಲೆ ಕರ್ಕೊಂಡು ಬನ್ನಿ."

"ಕಾಲು ಓಗೈತೆ ಸಾರ್, ತಲೆ ಓಗಿಲ್ಲ. ನಾಳೆಯಿಂದ ಬತ್ತಾಳೆ."

ಗಣಿಗೆ ಇಳಿಯುವ ನನ್ನ ಗಂಡ ರಾತ್ರಿ ಊಟಕ್ಕೆ ಕೂತು, "ಸುಮ್ಕಿರು, ಜನ ಆಡ್ಕಂತಾರೆ," ಎಂದರು.

"ಆಡ್ಕಳ್ಲಿ."

ಮರುದಿನ ಊಟದ ಗಂಟೆ ಹೊಡೆದಾಗ ಶಾಲೆಯ ಜಗಲಿಯ ಮೇಲೆ ಗೋಣಿಚೀಲ ಹಾಸಿ ರತ್ನಳನ್ನು ಮಲಗಿಸಿದೆ. ಮಕ್ಕಳು ಮುತ್ತಿಕೊಂಡರು. ಅವಳು ಮುಖ ಮುಚ್ಚಿಕೊಂಡು ಅತ್ತಳು. ನನಗೂ ಅಳು ಬರುತ್ತಿತ್ತು, ಆದರೆ ಅಳುತ್ತ ಕೂತರೆ ಆ ಕಾಲನ್ನು ಮಡಚಿ ಚಾಚಿಸುವವರು ಯಾರು? ಹೆಡ್‌ಮಾಸ್ಟರು ಬಂದು ಹೊರಗೆ ನಡೆಯಿರಿ ಎಂದರು. ನಾನು ತಲೆ ಎತ್ತಲಿಲ್ಲ. ಮುಗಿಸಿಯೇ ಎದ್ದೆ.

ದಿನಾ ಹೋದೆ. ದಿನಾ ಬೈದರು.

ಒಂದು ದಿನ ಅವಳ ಕ್ಲಾಸಿನ ಸೆಲ್ವಿ ಟೀಚರ್ ಸೀರೆ ಮಡಿಸಿಕೊಂಡು ಪಕ್ಕದಲ್ಲಿ ಕೂತರು.

"ಎಲ್ಲಿ ಹಿಡೀಬೇಕು, ನನಗೂ ತೋರ್ಸಕ್ಕಾ. ನೀನು ಬಾರದ ದಿನ ನಾನು ಮಾಡ್ತೀನಿ."

ಟೀಚರೇ ಕೆಳಗೆ ಕೂತ ಮೇಲೆ ಮಕ್ಕಳ ನಗು ನಿಂತಿತು. ಹೆಡ್‌ಮಾಸ್ಟರರ ಬೈಗುಳವೂ ಕಡಿಮೆಯಾಯಿತು.

ಹೋದ ತಿಂಗಳು ಪಕ್ಕದ ಗಣಿ ಕಾಲೋನಿ ಕೋರಮಂಡಲ್‌ನಿಂದ ಒಬ್ಬಳು ತಾಯಿ ಅಂಥದ್ದೇ ಕಾಲಿನ ಮಗಳನ್ನು ಎತ್ತಿಕೊಂಡು ಬಂದಿದ್ದಳು. ಹೆಡ್‌ಮಾಸ್ಟರು ನನ್ನನ್ನು ಕರೆಸಿದರು.

"ಈಕೆಗೂ ಸ್ವಲ್ಪ ಹೇಳಿಕೊಡಮ್ಮ. ಮನೇಲಿ ಮಾಡ್ಕೊಳ್ಳಲಿ."

"ಮನೇಲ್ಯಾಕೆ ಸಾರ್? ಮೊದ್ಲು ಆ ಮಗೀನ ಸೇರಿಸ್ಕಳಿ. ಆಮ್ಯಾಕೆ ಇಲ್ಲೇ ಏಳ್ಕೊಡ್ತೀನಿ."

ಅವರು ದಾಖಲಾತಿ ಪುಸ್ತಕ ಎಳೆದುಕೊಂಡರು. ಆಮೇಲೆ ಮಗುವಿನ ಹೆಸರು ಕೇಳಿದರು.

ರತ್ನ ಕ್ಯಾಲಿಪರ್ ಇಲ್ಲದೆ ನಡೆಯಲಾರಳು ಎಂದು ಡಾಕ್ಟರು ಹೇಳಿಬಿಟ್ಟಿದ್ದಾರೆ. ಕಾಲು ಸೊಟ್ಟಗಾಗಿಲ್ಲ, ಅಷ್ಟರಮಟ್ಟಿಗೆ ದೇವರು ದೊಡ್ಡವನು. ಮಿಕ್ಕಿದ್ದಕ್ಕೆ ನಾವಿದ್ದೇವೆ. ಈಗ ಬೆಳಿಗ್ಗೆ ನಾನು ಎತ್ತಿಕೊಳ್ಳಲು ಬಗ್ಗಿದರೆ ಅವಳು ನನ್ನ ಕೈ ತಳ್ಳುತ್ತಾಳೆ. ನಿಧಾನ ನಡೆಯುತ್ತಾಳೆ. ತಡವಾದರೆ ಕ್ಲಾಸು ಕಾಯಲಿ.