ಸೌಟು ಕೆಳಗಿಟ್ಟ ಚಿಕ್ಕಯ್ಯ

ಮಗ್ಗೆಯಿಂದ ಫೋನ್ ಬಂದಾಗ ನಾನು ಹಿತ್ತಿಲ ಕಟ್ಟೆಯ ಮೇಲೆ ಕೂತು ನೆನೆದ ಅವರೆಕಾಳು ಹಿಸುಕುತ್ತಿದ್ದೆ. ಕೈಯೆಲ್ಲ ಲೋಳೆ. ಒಳಗೆ ಅತ್ತೆಯವರೇ ಫೋನ್ ಎತ್ತಿ "ಹಾಂ, ಹಾಂ" ಅಂದರು. ಆಮೇಲೆ ಬಾಗಿಲಿಗೆ ಬಂದು ನಿಂತು, "ಚಿಕ್ಕಯ್ಯ ಹೋಗ್ಬುಟ್ನಂತೆ ಕಣೆ" ಅಂದರು.

ಮಗ್ಗೆಯಲ್ಲಿ ಅವರು ಬಡಿಸಲು ಹೋಗಿದ್ದ ನಾಮಕರಣದ ಮನೆ. ಎರಡು ಪಂಕ್ತಿಗೆ ಬಡಿಸಿ, ಕೈ ತೊಳೆದು, ಕಡೇ ಪಂಕ್ತಿಯಲ್ಲಿ ತಾವೂ ಎಲೆ ಮುಂದೆ ಕೂತವರು ಹಾಗೇ ಗೋಡೆಗೆ ಒರಗಿದರಂತೆ. ಎಲೆಗೆ ಉಪ್ಪು ಬಿದ್ದಿತ್ತು, ಅನ್ನ ಇನ್ನೂ ಬಂದಿರಲಿಲ್ಲ. ಹಾಸಿಗೆ ಹಿಡಿಯಲಿಲ್ಲ, ಯಾರ ಕೈಲೂ ಮಾಡಿಸಿಕೊಳ್ಳಲಿಲ್ಲ. ದೇವರು ಅಷ್ಟು ಮಾಡಿದ ಎಂದುಕೊಂಡೆ.

ಚಿಕ್ಕಯ್ಯ ಎಂದರೆ ನಮ್ಮ ಯಜಮಾನರ ಚಿಕ್ಕಪ್ಪ. ಮನೆಗೆಲ್ಲ ಚಿಕ್ಕಯ್ಯ, ಆಮೇಲೆ ಊರಿಗೂ ಚಿಕ್ಕಯ್ಯ. ಆಲೂರು, ಸಕಲೇಶಪುರದ ಸುತ್ತಿನಲ್ಲಿ ಯಾರ ಮನೆ ಮದುವೆಯಾದರೂ ಬಡಿಸುವುದಕ್ಕೆ ಅವರು ಬೇಕು. ಪಂಚೆ ಎತ್ತಿ ಕಟ್ಟಿ, ಹೆಗಲ ಟವೆಲನ್ನು ಸೊಂಟಕ್ಕೆ ಬಿಗಿದು, ತಮ್ಮದೇ ಹಿತ್ತಾಳೆ ಸೌಟು ಹಿಡಿದು ಪಂಕ್ತಿಗೆ ಇಳಿದರೆಂದರೆ ಉಣ್ಣುವವರು ಎಲೆಯನ್ನು ಕಾಪಾಡಿಕೊಳ್ಳಬೇಕಿತ್ತು. ಎಲೆಗೆ ಅಡ್ಡ ಕೈ ಹಿಡಿದವರ ಬೆರಳ ಸಂದಿಯಲ್ಲೇ ಪಾಯಸ ಬಿಡುತ್ತಿದ್ದರು. ಎಲೆ ಮೇಲೆ ಬಗ್ಗಿ ಮಲಗಿದಂತೆ ಕೂತವರ ಬೆನ್ನು ತಟ್ಟಿ, ಅವರು ಯಾರೆಂದು ತಲೆ ಎತ್ತುವಷ್ಟರಲ್ಲಿ ಹೋಳಿಗೆ ಬಿದ್ದಿರುತ್ತಿತ್ತು.

"ಸಾಕು ಅನ್ನೋದು ನಾಲ್ಗೆ ಕಣವ್ವ. ಹೊಟ್ಟೆ ಎಲ್ಲಿ ಅಂದೈತೆ?" ಎನ್ನುತ್ತಿದ್ದರು ನನಗೆ. ನಾನು ಮದುವೆಯಾಗಿ ಬಂದ ಹೊಸದರಲ್ಲಿ ಸಂಕೋಚಕ್ಕೆ ಅರ್ಧ ಹೊಟ್ಟೆಗೆ ಏಳುತ್ತಿದ್ದೆ. ಅದನ್ನು ಆ ಮನೆಯಲ್ಲಿ ಕಂಡುಹಿಡಿದವರು ಅವರೊಬ್ಬರೇ.

ಅವರು ಮದುವೆಯಾಗಲಿಲ್ಲ. ಯಾಕೆಂದು ಕೇಳಿದವರಿಗೆ, "ಊರೋರ ಮದ್ವೆಲೆಲ್ಲಾ ಓಡಾಡಿವ್ನಿ, ಸಾಲ್ದಾ?" ಎನ್ನುತ್ತಿದ್ದರು. ಕಾಫಿ ಒಣಗಿಸುವ ಕಣ ಅವರ ಜವಾಬ್ದಾರಿ. ಬಟ್ಟೆಯನ್ನು ಬೇರೆಯವರು ತಂದುಕೊಟ್ಟರೆ ಹಾಕುತ್ತಿದ್ದರು. ತೋಟದಲ್ಲಿ ಪಾಲು ಕೇಳಲಿಲ್ಲ, ಕೋಣೆಗೆ ಬಾಗಿಲು ಸಹ ಕೇಳಲಿಲ್ಲ. ನಾನು ಕಂಡ ಹಾಗೆ ಆ ಮನೆಯಲ್ಲಿ ಬಾಯಿ ಬಿಟ್ಟು ಅವರು ಕೇಳಿದ್ದು ಒಂದೇ ಒಂದು. ಅದು ನಾಯಿಮರಿ.

ದೋಣಿಗಲ್ ಹತ್ತಿರದ ಎಸ್ಟೇಟಿನ ಸಾಹುಕಾರರ ಮಗಳ ಮದುವೆಗೆ ಬಡಿಸಲು ಹೋಗಿದ್ದಾಗ ಅಲ್ಲಿಯ ಆಲ್ಸೇಷನ್ ಮರಿ ಹಾಕಿತ್ತು. ಸಾಹುಕಾರರು ಒಂದು ಕೊಡುತ್ತೇನೆಂದರಂತೆ. ಚಿಕ್ಕಯ್ಯ ಮನೆಗೆ ಬಂದು ನಮ್ಮ ಯಜಮಾನರ ಮುಂದೆ ಹುಡುಗರ ಹಾಗೆ ನಿಂತು ಕೇಳಿದರು. ಕಣದಲ್ಲಿ ಹಾಕಿದ ಕಾಫಿ ಆ ವರ್ಷ ಕಳುವಾಗಿತ್ತು. "ಕಾವಲಿಗಾಗುತ್ತೆ, ತಗೊಂಬಾ" ಎಂದರು ಇವರು.

ಅದು ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ಗೋಣಿಚೀಲದಲ್ಲಿ ಬಂದ ಮರಿಗೆ ಚಿಕ್ಕಯ್ಯ ದೊರೆ ಎಂದು ಹೆಸರಿಟ್ಟರು, ದೊರೆಯ ಹಾಗೇ ಉಣ್ಣಿಸಿದರು. ಬೆಳಿಗ್ಗೆ ಹಾಲು ಮುದ್ದೆ, ಬಿಸಿಲೇರಿದ ಮೇಲೆ ಮೊಟ್ಟೆ, ಮಧ್ಯಾಹ್ನ ನಮ್ಮ ಜೊತೆ, ಸಂಜೆ ಮೂಳೆ ಸಾರು. ಆಲ್ಸೇಷನ್ ಕಿವಿ ನಿಲ್ಲಬೇಕಾದರೆ ಕ್ಯಾಲ್ಸಿಯಂ ಕುಡಿಸಬೇಕೆಂದು ಯಾರೋ ಹೇಳಿದ್ದಕ್ಕೆ ಸಕಲೇಶಪುರದ ಮೆಡಿಕಲ್ ಅಂಗಡಿಯಿಂದ ಟಾನಿಕ್ ತಂದರು. ಕಿವಿ ನಿಂತವು. ಟಾನಿಕ್ ನಿಲ್ಲಲಿಲ್ಲ. ಮರಿ ಕಂಬಳಿ ಸುತ್ತಿದ ಪೀಪಾಯಿಯ ಹಾಗೆ ಆಯಿತು.

ಕಾಫಿ ಹಣ್ಣು ಬಿಡಿಸುವ ಕಾಲದಲ್ಲಿ ಒಂದು ಬೆಳಿಗ್ಗೆ ಎದ್ದ ದೊರೆ ಮುಂದಿನ ಎಡಗಾಲು ಊರಲು ಹಿಂದೆಮುಂದೆ ನೋಡಿದ. ಮುಳ್ಳೇನಾದರೂ ಚುಚ್ಚಿದೆಯೇ ಎಂದು ಪಾದ ಬಿಡಿಸಿ ನೋಡಿದೆವು. ಏನೂ ಇಲ್ಲ. ಮಧ್ಯಾಹ್ನದ ಹೊತ್ತಿಗೆ ಕೋಳಿ ಅಟ್ಟಿಸಿಕೊಂಡು ಓಡಿದ. ಕೆಲವು ದಿನ ಬಿಟ್ಟು ಮತ್ತೆ ಕುಂಟಿದ. ಇನ್ನೊಂದು ವಾರ ನೋಡಿದರೆ ಅದು ಬಲಗಾಲು. ಆಮೇಲೆ ಹಿಂದಿನದು. ಬಾವು ಇಲ್ಲ, ಗಾಯ ಇಲ್ಲ, ಊಟಕ್ಕೇನೂ ಕಡಿಮೆಯಿಲ್ಲ.

ಕಣದಲ್ಲಿ ಕಾಫಿ ಕೆದಕುತ್ತಿದ್ದ ಹೆಂಗಸರು ನಗುತ್ತಿದ್ದರು. "ಇವತ್ತು ಯಾವ ಕಾಲು ಚಿಕ್ಕಯ್ಯ? ನಿಮ್ ದೊರೆ ನಾಟ್ಕ ಆಡ್ತಾವ್ನೆ!"

"ನೀನು ಸೋಮಾರ ಸೊಂಟನೋವು, ಮಂಗಳವಾರ ತಲೆನೋವು ಅಂತೀಯಲ್ಲ, ಅದೂ ನಾಟ್ಕನಾ?" ಎನ್ನುತ್ತಿದ್ದರು ಚಿಕ್ಕಯ್ಯ. ನನ್ನ ಹತ್ತಿರ ಬಂದು ಮಾತ್ರ, "ನಿತ್ರಾಣ ಕಣವ್ವ. ಬೆಳೆಯೋ ಮಗ, ಸಾಲ್ತಾ ಇಲ್ಲ" ಎಂದು ಇನ್ನೊಂದು ಮುದ್ದೆ ಇಸಿದುಕೊಂಡು ಹೋಗುತ್ತಿದ್ದರು.

ಯಜಮಾನರು ಮಾತು ಬೆಳೆಸುವವರಲ್ಲ. ಒಂದು ಸಂಜೆ, ಕಾಫಿ ಲೋಟ ಕೆಳಗಿಟ್ಟು ಹೇಳಿದರು. "ಕುಂಟೋ ನಾಯಿ ಕಾವಲಿಗೆ ಬರಲ್ಲ. ಮಳೆ ಹಿಡಿಯೋದ್ರೊಳಗೆ ಸರಿಹೋದ್ರೆ ಇರ್ಲಿ. ಇಲ್ಲದಿದ್ರೆ ವಾಪಸ್ ಕೊಟ್ಬುಡಾಣ. ಸಾಹುಕಾರ್ರು ಬೇರೆ ಮರಿ ಕೊಡ್ತಾರೆ."

ವಾಪಸ್ ಹೋದ ಕುಂಟು ನಾಯಿಯನ್ನು ಎಸ್ಟೇಟಿನಲ್ಲಿ ಏನು ಮಾಡುತ್ತಾರೆಂದು ಯಾರೂ ಬಿಡಿಸಿ ಹೇಳಲಿಲ್ಲ. ಆ ಬಂಗಲೆಯ ಹಾಲ್‌ನಲ್ಲಿ ಬಂದೂಕು ನೇತುಹಾಕಿದ್ದನ್ನು ಚಿಕ್ಕಯ್ಯ ನೋಡಿದ್ದರು. ಅವರು ಎದ್ದು ಹೊರಗೆ ಹೋದರು.

ಅತ್ತೆಯವರು ಹರಕೆ ಹೇಳಿಕೊಳ್ಳಿ ಎಂದರು. ನಮ್ಮ ಕಡೆ ಕಾಲುನೋವಿಗೆ ದೇವರಿಗೆ ಬೆಳ್ಳಿ ಕಾಲು ಒಪ್ಪಿಸುವುದುಂಟು. ಚಿಕ್ಕಯ್ಯ ಸಕಲೇಶಪುರದ ಬೆಳ್ಳಿ ಅಂಗಡಿಗೆ ಹೋಗಿ ಬರಿಗೈಯಲ್ಲಿ ಬಂದರು. ನಡೆದದ್ದನ್ನು ಅವರೇ ಜಗಲಿ ಮೇಲೆ ಕೂತು ಹೇಳಿದರು.

"ನಾಯಿ ಕಾಲು ಕೊಡಪ್ಪ ಅಂದೆ. ಅವ್ನು ಡಬ್ಬಿ ತೆಗ್ದು ಸುರಿದ. ಎಲ್ಲಾ ಮನುಷ್ಯರ ಕಾಲೇಯ. ಇದನ್ನೇ ಹಾಕಿ, ಸ್ವಾಮಿಗೆ ಗೊತ್ತಾಗುತ್ತೆ ಅಂತಾನೆ. ಅಲ್ಲಯ್ಯಾ, ದೇವ್ರು ಇದು ನನ್ ಕಾಲು ಅಂದ್ಕೊಂಡು ನಂದನ್ನ ಗಟ್ಟಿ ಮಾಡಿ ಕಳಿಸ್ಬುಟ್ರೆ ಏನು ಮಾಡ್ಲಿ ಅಂದೆ. ಹಂಗಾದ್ರೆ ನಾಯಿದೇ ಮಾಡಿಕೊಡ್ತೀನಿ, ಯಾವ ಕಾಲು ಹೇಳಿ ಅಂದ. ಅಲ್ಲಿಗೆ ನನ್ ಬಾಯಿ ಕಟ್ಟೋಯ್ತು. ಇವ್ನು ಅದನ್ನ ಹೇಳಿದ್ರೆ ತಾನೆ!"

ನಾವೆಲ್ಲ ನಕ್ಕೆವು. ಯಜಮಾನರು ಮೀಸೆಯ ಕೆಳಗೆ ನಕ್ಕರು. ಚಿಕ್ಕಯ್ಯ ನಗಲಿಲ್ಲ.

ಕಡೆಗೆ ಆಲೂರಿನ ಪಶು ಡಾಕ್ಟ್ರ ಹತ್ತಿರ ಹೋದೆವು. ಅತ್ತೆಯವರ ಮಾತ್ರೆ ತರುವುದಿತ್ತೆಂದು ನಾನೂ ಜೀಪಿನಲ್ಲಿದ್ದೆ. ಅಂದು ದೊರೆ ನೆಟ್ಟಗೆ ನಡೆದ. ಚಿಕ್ಕಯ್ಯನಿಗೆ ಅವಮಾನವಾದಂತಾಯಿತು. "ಮನೇಲಿ ಕುಂಟ್ತಾನೆ ಸಾರ್, ದೇವ್ರಾಣೆ" ಎಂದರು. ಡಾಕ್ಟ್ರು ನಂಬಿದರು. ಅಂಗಳದಲ್ಲಿ ನಡೆಸಿ, ಓಡಿಸಿ ನೋಡಿ, ಒಂದೊಂದು ಕಾಲಿನ ಉದ್ದ ಮೂಳೆಯನ್ನೂ ಬೆರಳಿನಿಂದ ಮೆಲ್ಲಗೆ ಒತ್ತುತ್ತ ಬಂದರು. ಒಂದು ಕಡೆ ದೊರೆ ಕುಂಯ್ ಎಂದು ಕಾಲೆಳೆದುಕೊಂಡ.

ಏನು ಹಾಕುತ್ತೀರಿ ಎಂದು ಕೇಳಿದರು. ಚಿಕ್ಕಯ್ಯ ಹೆಮ್ಮೆಯಿಂದ ಎಲ್ಲವನ್ನೂ ಹೇಳಿದರು. ಡಾಕ್ಟ್ರು ಅವರನ್ನು ದಿಟ್ಟಿಸಿ ನೋಡಿ, "ನೀವು ಪಾಳ್ಯದ ಮದುವೆಯಲ್ಲಿ ಬಡಿಸಿದವರಲ್ವಾ? ಬೇಡ ಬೇಡ ಅಂದ್ರೂ ನನಗೆ ಹೋಳಿಗೆ ಹಾಕಿ ಹಾಕಿ, ಎರಡು ದಿನ ನಾನು ಏಳ್ಲಿಲ್ಲ. ಹಂಗೇ ಇದಕ್ಕೂ ಬಡಿಸ್ತಾ ಇದೀರಿ" ಎಂದರು.

ದೊಡ್ಡ ಜಾತಿಯ ಮರಿಗಳಿಗೆ ಬೆಳೆಯುವ ವಯಸ್ಸಿನಲ್ಲಿ ಹೀಗೆ ಮೂಳೆನೋವು ಬರುವುದುಂಟು, ಕಾಲಿಂದ ಕಾಲಿಗೆ ಹೋಗುತ್ತದೆ, ಸಾಮಾನ್ಯವಾಗಿ ಬೆಳೆದ ಮೇಲೆ ತಾನೇ ಬಿಡುತ್ತದೆ ಎಂದರು. ಆದರೆ ಮೈಭಾರ ಇಳಿಯಬೇಕು. ಟಾನಿಕ್ ಇವತ್ತೇ ನಿಲ್ಲಿಸಿ. ಊಟ ಅಳತೆಗೆ. ಜೀಪಿನಿಂದ ಧುಮುಕಿಸಬೇಡಿ, ಗಾರೆ ನೆಲದಲ್ಲಿ ಜಾರದಂತೆ ಏನಾದರೂ ಹಾಸಿ. ನೋವು ಒಂದೇ ಕಾಲಿನಲ್ಲಿ ನಿಂತುಬಿಟ್ಟರೆ, ಬಾವು ಬಂದರೆ, ಜ್ವರ ಬಂದರೆ ಕೂಡಲೇ ಕರೆತನ್ನಿ, ಆಗ ಎಕ್ಸ್‌ರೇ ಫೋಟೋ ತೆಗೆಸಬೇಕಾಗುತ್ತದೆ. ನೋವು ಹೆಚ್ಚಾದ ದಿನಕ್ಕೆಂದು ಮಾತ್ರೆ ಕೊಟ್ಟರು. ಸೂಜಿ ಚುಚ್ಚಲಿಲ್ಲ.

ಮನೆಗೆ ಬಂದ ಚಿಕ್ಕಯ್ಯ ಕಾಲು ತೊಳೆದು, ಬಟ್ಟೆಯಲ್ಲಿ ಸುತ್ತಿಟ್ಟಿದ್ದ ಆ ಹಿತ್ತಾಳೆ ಸೌಟನ್ನು ತಂದು ದೇವರ ಮಣೆಯ ಕೆಳಗಿಟ್ಟರು. ದೇವರ ಕೋಣೆಗೆ ಹಬ್ಬದಲ್ಲೂ ಸರಿಯಾಗಿ ಬರದವರು. ನಾನು ದೀಪಕ್ಕೆ ಎಣ್ಣೆ ಬಿಡುತ್ತಿದ್ದೆ.

"ಅವ್ನು ಕುಂಟೋದು ಬಿಡೋಗಂಟ ನಾನು ಯಾರ್ಗೂ ಬಡ್ಸಲ್ಲ ಕಣವ್ವ" ಎಂದರು. "ಅವ್ನೊಬ್ಬನ್ಗೆ ಕೈ ಬಿಗಿ ಹಿಡಿ ಅಂದ್ರೆ ನನ್ ಕೈಲಾಗಲ್ಲ. ಹಿಡುದ್ರೆ ಎಲ್ಲಾರ್ಗೂ ಹಿಡೀಬೇಕು. ಇನ್ಮೇಲೆ ಅವ್ನಿಗೆ ನೀನೇ ಹಾಕು. ಡಾಕ್ಟ್ರು ಹೇಳಿದಷ್ಟೇ. ನಾನು ಬಂದು ಕೇಳುದ್ರೂ ಕೊಡ್ಬೇಡ."

ಅಂಥ ಹರಕೆಯನ್ನು ನಾನು ಕೇಳಿರಲಿಲ್ಲ. ರಾತ್ರಿ ಅತ್ತೆಯವರಿಗೆ ಮಾತ್ರ ಹೇಳಿದೆ.

ಹರಕೆ ಹೊತ್ತದ್ದು ಮದುವೆಗಳ ಕಾಲ ಶುರುವಾಗುವ ಹೊತ್ತಿನಲ್ಲಿ. ಕರೆಯೋಲೆ ಹಿಡಿದು ಬಂದವರಿಗೆಲ್ಲ ಭುಜ ನೋವೆಂದು ಹೇಳಿದರು. ಬಿಸಿಲೆ ಕಡೆಯ ಒಂದು ಮದುವೆಯಲ್ಲಿ ಅವರು ಉಣ್ಣುವವರ ಸಾಲಿನಲ್ಲಿ ಕೂತದ್ದನ್ನು ನಾನೇ ನೋಡಿದೆ. ಬಡಿಸುವ ಹುಡುಗರು ಅರ್ಧ ಪಂಕ್ತಿಗೆ ತುಪ್ಪ ಮರೆತರು. ಚಿಕ್ಕಯ್ಯನ ಬಲಗೈ ತೊಡೆಯ ಮೇಲೆ ಒಂದೆರಡು ಸಲ ಎದ್ದು ಮತ್ತೆ ಕೂತಿತು. ಮನೆಯಲ್ಲಿ ದೊರೆ ಅವರ ಮುಖ ನೋಡುತ್ತ ಕೂತರೆ, ತಟ್ಟೆ ಎತ್ತಿಕೊಂಡು ಕಾಫಿ ಸ್ಟೋರಿಗೆ ಹೋಗಿ ಬಾಗಿಲು ಹಾಕಿಕೊಂಡು ಉಂಡು ಬರುತ್ತಿದ್ದರು. ನಾನು ಅಳತೆ ತಪ್ಪಲಿಲ್ಲ. ಮರಿ ಸಣ್ಣಗಾಯಿತು. ಕುಂಟುವುದು ಕಡಿಮೆಯಾಯಿತು, ಆದರೆ ಬಿಡಲಿಲ್ಲ. ಬಿಟ್ಟಿತು ಎಂದುಕೊಂಡ ವಾರವೇ ಮತ್ತೆ ಬರುತ್ತಿತ್ತು.

ಮೋಡ ಕಟ್ಟಲು ಶುರುವಾದಾಗ, ಯಜಮಾನರು ಹೇಳಿಕಳಿಸಿದ್ದಕ್ಕೆ, ದೋಣಿಗಲ್ ಸಾಹುಕಾರರೇ ಜೀಪಿನಲ್ಲಿ ಬಂದರು. ಹಿಂದಿನ ಸೀಟಿನಲ್ಲಿ ಸರಪಳಿ ಇತ್ತು.

"ಏನು ಮಾರಾಯ, ಕುಂಟೋದು ಬಿಟ್ಟೈತಾ?" ಎಂದರು ಚಿಕ್ಕಯ್ಯನನ್ನು ನೋಡಿ.

ದೊರೆ ಆಗ ನೆಟ್ಟಗೇ ನಿಂತಿದ್ದ. ಹೂಂ ಎಂದಿದ್ದರೆ ಆಗಿಹೋಗುತ್ತಿತ್ತು. ಅವರು ಹಾಗೇ ಅನ್ನಲೆಂದು ನಾನು ಒಳಗೊಳಗೇ ದೇವರನ್ನು ಕೇಳಿಕೊಂಡೆ. ಅದೂ ತಪ್ಪೇ ಇರಬೇಕು.

"ಬೆಳಿಗ್ಗೆ ಒಂಚೂರು ಕುಂಟ್ತು" ಎಂದರು ಚಿಕ್ಕಯ್ಯ.

ಯಜಮಾನರು ನೆಲ ನೋಡಿದರು. ಊಟದ ಹೊತ್ತು, ಉಂಡು ಹೋಗಿ ಎಂದೆ. ಸಾಹುಕಾರರು ಕೂತರು. ನಾನು ಬಡಿಸಿದೆ.

"ನೀವು ಬಡಿಸಿದ್ರಿ, ನಾನು ಬದುಕ್ದೆ" ಎಂದು ನಕ್ಕರು ಅವರು. "ನಮ್ ಮಗಳ ಮದ್ವೇಲಿ ಬೀಗರನ್ನ ಉಣ್ಸಿ ಉಣ್ಸಿ ಸುಸ್ತು ಮಾಡ್ದವ್ನು ಎಲ್ಲಿ? ಮನೆಗೆ ಬಂದೋರ್ಗೆ ಬಡಿಸಲ್ವೇನಯ್ಯಾ ಈಗ?"

ಚಿಕ್ಕಯ್ಯ ಬಾಗಿಲ ಹತ್ತಿರ ನಿಂತಿದ್ದವರು, "ಭುಜ..." ಎಂದರು.

"ಭುಜಾನೂ ಇಲ್ಲ, ಗಿಜಾನೂ ಇಲ್ಲ" ಎಂದರು ಅತ್ತೆಯವರು ಒಳಗಿನಿಂದ. "ಆ ನಾಯಿ ಕುಂಟೋದು ಬಿಡೋಗಂಟ ಸೌಟು ಮುಟ್ಟಲ್ಲ ಅಂತ ದೇವ್ರ ಮುಂದೆ ಇಟ್ಟವ್ನೆ. ಈ ವರ್ಷ ಒಂದು ಮದ್ವೇಲೂ ಬಡಿಸಿಲ್ಲ. ಕರ್ಕೊಂಡೋದ್ರೆ ಇನ್ಯಾವಾಗ ಮುಟ್ತಾನೆ, ನೀವೇ ಹೇಳಿ ಸಾಹುಕಾರ್ರೆ."

ಯಜಮಾನರಿಗೂ ಅದು ಗೊತ್ತಿರಲಿಲ್ಲ. ಸಾಹುಕಾರರು ಮೊದಲು ನಕ್ಕರು, ಆಮೇಲೆ ನಗು ನಿಂತಿತು. ಮಜ್ಜಿಗೆ ಅನ್ನ ಮುಗಿಸಿ ಕೈ ತೊಳೆದರು. ಜೀಪು ಹತ್ತುವಾಗ, "ನಾಯಿ ಇಲ್ಲೇ ಇರ್ಲಿ ಮಾರಾಯ. ಹರಕೆ ನಡುವೆ ಕಿತ್ಕೊಂಡು ಹೋಗೋದು ನಮಗೆ ಒಳ್ಳೇದಲ್ಲ" ಎಂದು ಯಜಮಾನರಿಗೆ ಹೇಳಿ ಹೋದರು. ಮರುದಿನ ಯಜಮಾನರು ಸ್ಟೋರಿನಿಂದ ಹಳೇ ಗೋಣಿಚೀಲ ತಂದು ನಡುಮನೆಯ ಗಾರೆ ನೆಲದ ಮೇಲೆ ತಾವೇ ಹಾಸಿದರು.

ಯಾವ ದಿನ ದೊರೆ ಕುಂಟುವುದು ಬಿಟ್ಟ ಎಂದು ಹೇಳಲಾರೆ. ಮಳೆ ಕಳೆಯಿತು, ಕಾಫಿ ಹಣ್ಣಾಯಿತು. "ನೀನು ನೋಡಿ ಹೇಳವ್ವ. ನನ್ ಕಣ್ಣಿಗೆ ಬಿಟ್ಟಂಗೇ ಕಾಣುತ್ತೆ, ಅದು ಆಸೆಗಣ್ಣು" ಎಂದರು ಚಿಕ್ಕಯ್ಯ. ನಾನು ಕಣದ ಸುತ್ತ ಓಡಾಡುವ ಅವನ ನಾಲ್ಕು ಕಾಲನ್ನೂ ಬಹಳ ದಿನ ನೋಡಿದೆ. ಕಾರ್ತಿಕದಲ್ಲಿ ಬಿಟ್ಟಿದೆ ಎಂದೆ. ಆ ವಾರವೇ ಒಂದು ಮದುವೆಯಿತ್ತು. ಪಾಪ, ಅಲ್ಲಿ ಉಂಡವರ ಪಾಡು ನಾನು ನೋಡಿದ್ದೇನೆ. ಡಾಕ್ಟ್ರ ಮಾತೋ, ಹರಕೆಯೋ, ಬೆಳೆದ ವಯಸ್ಸೋ, ಯಾವುದರಿಂದ ವಾಸಿಯಾಯಿತೆಂದು ನಾನು ವಿಚಾರಿಸಲು ಹೋಗಲಿಲ್ಲ. ಆಯಿತಲ್ಲ.

ಆಮೇಲೆ ಚಿಕ್ಕಯ್ಯ ಊರಿಗೆಲ್ಲ ಮೊದಲಿನಂತೆಯೇ ಬಡಿಸಿದರು. ದೊರೆಗೆ ಮಾತ್ರ ತಾವಾಗಿ ಎಂದೂ ಹಾಕಲಿಲ್ಲ. ಅದು ನನ್ನ ಕೆಲಸವಾಗಿಯೇ ಉಳಿಯಿತು. ಮೊನ್ನೆ ಬೆಳಿಗ್ಗೆ ಮಗ್ಗೆಯ ಬಸ್ಸಿಗೆ ಹೊರಟವರು ಅರ್ಧ ಅಂಗಳ ದಾಟಿ ತಿರುಗಿ, "ವಯಸ್ಸಾಯ್ತು ಅವ್ನಿಗೆ, ಜಾಸ್ತಿ ಹಾಕ್ಬೇಡ ಕಣವ್ವ" ಎಂದರು. ಹೂಂ ಎಂದೆ. ಅದೇ ಕಡೆಯ ಮಾತು.

ಸುದ್ದಿ ಬಂದ ಮೇಲೆ ಗಂಡಸರು ಮಗ್ಗೆಗೆ ಹೋದರು. ಸೂತಕ, ಒಲೆ ಹಚ್ಚಲಿಲ್ಲ. ಪಕ್ಕದ ಮನೆಯವರು ಅನ್ನ ಸಾರು ತಂದಿಟ್ಟರು. ಸಂಜೆ ದೊರೆ ಬಂದು ತಟ್ಟೆಯ ಮುಂದೆ ಕೂತ. ಹಾಕಿದೆ. ಅವನು ಉಂಡ, ಅದೂ ಒಂದು ಪುಣ್ಯ. ಉಂಡು ಮುಗಿಸಿ ನನ್ನ ಮುಖ ನೋಡಿದ. ಪಾತ್ರೆಯಲ್ಲಿ ಅನ್ನ ಬೇಕಾದಷ್ಟಿತ್ತು. ಹಾಕಲಿಲ್ಲ. ಅವನ ತಟ್ಟೆ ತೊಳೆದು ಬೋರಲು ಹಾಕಿ, ಕೈ ಒರೆಸಿಕೊಂಡು, ಹಾಲು ಕರೆಯಲು ಕೊಟ್ಟಿಗೆಗೆ ಹೋದೆ.